ಮಲೆನಾಡ ಮನೆ, ತೋಟ, ಚಪ್ಪರದಲ್ಲಿ ಫೋಟೊ ತೆಗೆಯುವ ಕ್ರಮ: ಗೆಳೆಯರು, ಮದುವೆ, ಕೈಕೆಲಸಗಳಿಗೆ ಸಮಗ್ರ ಮಾರ್ಗದರ್ಶಿ

ಮದುವೆ ಸೀಸನ್ ಮುಗಿದು ಮಳೆ ಹಿಡಿಯುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. "ಜಗಲಿಯಲ್ಲಿ ತೆಗ್ದಿದ್ದು, ಎಲ್ಲರ ಮುಖನೂ ಕಪ್ಪು." "ತೋಟದಲ್ಲಿ ತೆಗೆದ್ರೆ ತಂಗಿ ಮುಖ ಹಸಿರು ಹಸಿರು." "ಧಾರೆ ಹೊತ್ತಿನ ಫೋಟೊ ಪೂರ್ತಿ ಕೆಂಪು ಹೊಡೀತಿದೆ." "ಸೀರೆ ಬಣ್ಣ ಫೋಟೊದಲ್ಲಿ ಬೇರೆಯೇ ಬಂದು, ತಗೊಂಡವರು ವಾಪಸ್ ಕಳಿಸಿದ್ರು." ಇವುಗಳ ಬೆನ್ನಿಗೇ ಇನ್ನೊಂದು: ಯಾವ ಕ್ಯಾಮೆರಾ ತಗೊಳ್ಳಲಿ?

ಹೊಸ ಕ್ಯಾಮೆರಾ ಬಂದರೂ ಈ ನಾಲ್ಕರಲ್ಲಿ ಒಂದೂ ಸರಿಹೋಗುವುದಿಲ್ಲ. ತಪ್ಪಿರುವುದು ಕ್ರಮದಲ್ಲಿ. ನಾವು ಮೊದಲು ಮನುಷ್ಯರನ್ನು ನಿಲ್ಲಿಸುತ್ತೇವೆ, ಆಮೇಲೆ ಕ್ಯಾಮೆರಾ ತೆಗೆಯುತ್ತೇವೆ, ಒತ್ತಿದ ಮೇಲೆ ಬೆಳಕಿನ ಯೋಚನೆ ಮಾಡುತ್ತೇವೆ. ಇದು ತಲೆಕೆಳಗಾಗಬೇಕು. ಮೊದಲು ಬೆಳಕಿರುವ ಜಾಗ, ಆಮೇಲೆ ಅಲ್ಲಿಗೆ ಮನುಷ್ಯ, ಕೊನೆಗೆ ಕ್ಯಾಮೆರಾ. ಕೆಳಗಿನ ಹಂತಗಳನ್ನು ಅದೇ ಸಾಲಿನಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

## ಹಂತ 1: ಸಾಮಾನು ಜೋಡಿಸಿಕೊಳ್ಳುವುದು

ಫೋನ್ ಇದ್ದರೆ ಫೋನ್ ಸಾಕು. ಕ್ಯಾಮೆರಾ ಇದ್ದರೆ ಅದರ ಜೊತೆ ಬರುವ ಲೆನ್ಸ್ ಜತೆಗೆ ಒಂದು 50 ಎಂಎಂ ಎಫ್ 1.8 ಲೆನ್ಸ್ ಇರಲಿ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ). ಹೆಚ್ಚಿನ ಕಂಪನಿಗಳಲ್ಲಿ ಅಗ್ಗದ ಲೆನ್ಸ್‌ಗಳ ಸಾಲಿನಲ್ಲಿ ಅದೂ ಒಂದು, ನಮ್ಮ ಕತ್ತಲೆ ಒಳಮನೆಗಳಿಗೆ ಹೇಳಿ ಮಾಡಿಸಿದ್ದು.

ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ. ಒಂದು ಬಿಳಿ ಪಂಚೆ ಅಥವಾ ಹೊದಿಕೆ. ಸ್ಟೇಷನರಿ ಅಂಗಡಿಯ ಒಂದು ದೊಡ್ಡ ಬಿಳಿ ಥರ್ಮಾಕೋಲ್ ಶೀಟು. ಒಂದು ಕಪ್ಪು ಕೊಡೆ. ಹತ್ತಲು ಗಟ್ಟಿ ಸ್ಟೂಲು. ತೊಳೆದು ಒಣಗಿಸಿದ ಮೆತ್ತನೆ ಹತ್ತಿಬಟ್ಟೆ. ಬಣ್ಣ ಅಳೆಯಲು ಒಂದು ಬೂದು ಕಾರ್ಡ್. ಕಾರ್ಡ್ ಸಿಗದಿದ್ದರೆ ಬಿಳಿ ಹಾಳೆ ನಡೆಯುತ್ತದೆ, ಆದರೆ ಹಾಳೆ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕದಿಂದ ಅದರಲ್ಲಿ ಸ್ವಲ್ಪ ನೀಲಿ ಇರುತ್ತದೆ. ಸೀರೆ ಮಾರುವವರು ಕಾರ್ಡನ್ನೇ ತರಿಸಿಕೊಳ್ಳಿ.

ಮದುವೆಗೆ ಹೋಗುವವರಿಗೆ ಎರಡು ಬ್ಯಾಟರಿ, ಎರಡು ಮೆಮೊರಿ ಕಾರ್ಡ್ ಕಡ್ಡಾಯ. ಮಳೆ ಗಾಳಿಗೆ ಕರೆಂಟು ಹೋದರೆ ಎರಡು ದಿನ ಬರದ ಊರುಗಳು ನಮ್ಮಲ್ಲಿ ಇನ್ನೂ ಇವೆ. ಚಾರ್ಜ್ ಮಾಡುವುದನ್ನು ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ.

## ಹಂತ 2: ಬೆಳಕಿರುವ ಜಾಗ ಹುಡುಕುವುದು

ಇದಕ್ಕೆ ಹತ್ತು ನಿಮಿಷ ಕೊಡಿ. ಕ್ಯಾಮೆರಾ ಚೀಲದಲ್ಲೇ ಇರಲಿ. ನಿಮ್ಮ ಅಂಗೈಯನ್ನು ಮುಖದ ಮುಂದೆ ನಿಲ್ಲಿಸಿ ಹಿಡಿದು, ಜಗಲಿಯಿಂದ ಒಳಗೆ, ಒಳಗಿಂದ ಅಂಗಳಕ್ಕೆ ನಿಧಾನ ನಡೆಯುತ್ತಾ ತಿರುಗಿ. ಅಂಗೈಯ ಗೆರೆಗಳು ಒಂದು ಬದಿಯಿಂದ ಮೆತ್ತಗೆ ಬೆಳಗಿ, ಇನ್ನೊಂದು ಬದಿಗೆ ತೆಳು ನೆರಳು ಬಿದ್ದಿರುವ ಜಾಗ ಸಿಕ್ಕಿದರೆ ಅದೇ ನಿಮ್ಮ ಸ್ಟುಡಿಯೊ. ಹೆಚ್ಚಿನ ಹಂಚಿನ ಮನೆಗಳಲ್ಲಿ ಅದು ಜಗಲಿಯ ಅಂಚು: ತಲೆ ಮೇಲೆ ಮಾಡು, ಮುಂದೆ ತೆರೆದ ಅಂಗಳ. ಚೌಕಿ ಮನೆಯಾದರೆ ಒಳ ಅಂಗಳದ ಸುತ್ತಲಿನ ಕಟ್ಟೆ ಅದಕ್ಕಿಂತ ಚೆಂದ.

ಬಾಗಿಲಿಂದ ಒಳಗೆ ಎಷ್ಟು ದೂರ ನಿಲ್ಲಿಸಬೇಕೆಂಬಲ್ಲೇ ಬಹಳ ಜನ ಸೋಲುವುದು. ಬಾಗಿಲಿನಿಂದ ಒಂದು ಮಾರು ಒಳಗೆ ಇರುವ ಬೆಳಕು ಮೂರು ಮಾರು ಒಳಗೆ ಹೋದರೆ ಬಹಳ ಇಳಿದುಹೋಗಿರುತ್ತದೆ. ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಹೊಸ್ತಿಲಿಂದ ಒಂದು ಮಾರಿನೊಳಗೇ ಇರಿ. ಮುಖ ಬಾಗಿಲ ಕಡೆಗೆ ಓರೆಯಾಗಿರಲಿ. ಬೆನ್ನು ಬಾಗಿಲಿಗೆ ಕೊಟ್ಟು ನಿಂತರೆ ಮುಖ ಕಪ್ಪಾಗಲೇಬೇಕು, ನೂರಕ್ಕೆ ತೊಂಬತ್ತು ಕಪ್ಪು ಮುಖಗಳ ಕಾರಣ ಇಷ್ಟೇ.

ಜಾಗ ಸಿಕ್ಕ ಮೇಲೆ ಒಳಗಿನ ಬಲ್ಬು, ಟ್ಯೂಬ್‌ಲೈಟು ಆರಿಸಿ. ಹಗಲು ಬೆಳಕು ನೀಲಿ ಕಡೆಗೆ, ಹಳೇ ಬಲ್ಬು ಹಳದಿ ಕಡೆಗೆ. ಎರಡೂ ಸೇರಿದರೆ ಒಂದು ಕೆನ್ನೆ ಅರಿಶಿನ, ಇನ್ನೊಂದು ಕೆನ್ನೆ ಬೂದಿ. ಇದನ್ನು ಆಮೇಲೆ ಯಾವ ಆ್ಯಪಿನಲ್ಲೂ ಪೂರ್ತಿ ಸರಿಮಾಡುವುದು ಕಷ್ಟ.

ಇನ್ನೆರಡು ವಿಷಯ ನಮ್ಮ ಕಡೆಯ ಮನೆಗಳಿಗೇ ಸೇರಿದ್ದು. ಕೆಂಪು ನೆಲ ಬೆಳಕನ್ನು ಕೆಂಪು ಮಾಡಿಯೇ ಮೇಲಕ್ಕೆ ಕಳಿಸುತ್ತದೆ, ಗಲ್ಲದ ಕೆಳಗೆ ಕೆಂಪು ಮೆತ್ತಿದಂತೆ ಕಾಣುತ್ತದೆ. ಪಂಚೆ ತಂದದ್ದು ಅದಕ್ಕೇ: ಕಾಲ ಬುಡದಲ್ಲಿ, ಫೋಟೊಕ್ಕೆ ಬೀಳದ ಹಾಗೆ ಹಾಸಿ. ಎರಡನೆಯದು ಮರದ ಮುಚ್ಚಿಗೆ. ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಹೊಡೆಯುವ ಪಾಠ ಬಿಳಿ ತಾರಸಿ ಮನೆಗಳಿಗೆ ಬರೆದದ್ದು. ಮುಚ್ಚಿಗೆಯ ಮರ ಆ ಬೆಳಕನ್ನು ನುಂಗಿ, ಉಳಿದದ್ದನ್ನು ಕಂದು ಮಾಡಿ ಕೊಡುತ್ತದೆ.

ತೋಟದ ವಿಷಯಕ್ಕೆ ಬಂದರೆ, ನಡುತೋಟದಲ್ಲಿ ನಿಲ್ಲಿಸಬೇಡಿ. ಅಡಿಕೆ ಸೋಗೆ, ಕೆಳಗಿನ ಬಾಳೆ, ಏಲಕ್ಕಿ ಎಲ್ಲ ಸೇರಿ ಬೆಳಕನ್ನೇ ಹಸಿರಾಗಿಸಿರುತ್ತವೆ. ಸಾಲದ್ದಕ್ಕೆ ಸೋಗೆ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಗಳು ಹಣೆ ಮೇಲೆ. ತೋಟದ ಅಂಚಿಗೆ ಬನ್ನಿ. ಬೆನ್ನು ತೋಟಕ್ಕೆ, ಮುಖ ಗದ್ದೆ ಬಯಲಿಗೆ. ಹಿಂದೆ ಕಪ್ಪು ಹಸಿರು, ಮುಖದ ಮೇಲೆ ತೆರೆದ ಆಕಾಶದ ಬೆಳಕು.

ಬೇಸಿಗೆಯಲ್ಲಿ ಬೆಳಿಗ್ಗೆ 7ರಿಂದ 9, ಸಂಜೆ 4.30ರಿಂದ 6 ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಇದು ಉಲ್ಟಾ. ಮೋಡವೇ ದೊಡ್ಡ ಬಿಳಿ ಚಾದರವಾಗಿ ಇಡೀ ದಿನ ಮೆತ್ತನೆ ಬೆಳಕು ಕೊಡುತ್ತದೆ, ಆದರೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ತನಕ ಮಾತ್ರ ನಂಬಬಹುದು. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆ ಕಡೆ ಜುಲೈಯಲ್ಲಿ ನಾಲ್ಕು ಗಂಟೆಗೇ ದೀಪ ಹಚ್ಚಬೇಕಾಗುತ್ತದೆ.

ಹೊಳೆ ಬದಿಯಲ್ಲಿ ತೆಗೆಯುವವರಿಗೆ ಒಂದು ಮಾತು. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಮಂಟಪ ಮುಳುಗುವಷ್ಟು ನೀರು ಬಂದಿದೆಯೆಂದರೆ, ಆ ವಾರ ತೀರ್ಥಹಳ್ಳಿಯಿಂದ ಕೂಡ್ಲಿಯವರೆಗೆ ಎಲ್ಲೂ ಹೊಳೆಮೆಟ್ಟಿಲ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಪಾಚಿಗಲ್ಲು ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

## ಹಂತ 3: ಕ್ಯಾಮೆರಾ, ಫೋನು ಹೊಂದಿಸುವುದು

ಮೊದಲು ಫೋನು. ಲೆನ್ಸ್ ಒರೆಸಿ. ಅಡುಗೆಮನೆ, ಕುಂಕುಮ, ಕೊಬ್ಬರಿ ಎಣ್ಣೆ ಮುಟ್ಟಿದ ಬೆರಳು ಲೆನ್ಸ್ ಮೇಲೆ ಆಡಿಯೇ ಇರುತ್ತದೆ. ದೀಪಗಳ ಸುತ್ತ ಮಂಜು ಮಂಜಾಗಿ ಕಂಡರೆ ಅದು ಎಣ್ಣೆಯ ಪದರ. ಆಮೇಲೆ ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಗೆರೆಯನ್ನು ಕಾಲುಭಾಗ ಕೆಳಗೆ ಎಳೆಯಿರಿ. ನೇರ ಫ್ಲಾಶ್ ಬೇಡ.

ಇನ್ನು ಕ್ಯಾಮೆರಾ. ಕೆಳಗಿನ ಅಂಕಿಗಳು ಶುರುವಿಗೆ (ಶಟರ್ ಅಂಕಿ ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ):

- ಸುಮ್ಮನೆ ಕೂತ ಒಬ್ಬರು: ಎಫ್ 2ರಿಂದ 2.8, ಶಟರ್ 1/125
- ಇಬ್ಬರು ಮೂವರು: ಎಫ್ 4, ಶಟರ್ 1/125
- ಮೂರು ಸಾಲಿನ ಗುಂಪು: ಎಫ್ 5.6ರಿಂದ 8
- ಓಡುವ ಮಕ್ಕಳು, ಹಾರುವ ಅಕ್ಷತೆ: ಶಟರ್ 1/500

ಐಎಸ್‌ಓ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿಯನ್ನು, ಆಟೊಗೆ ಬಿಟ್ಟು ಮೇಲ್ಮಿತಿ 6400 ಇಡಿ. ಹೊಸಬರು ಐಎಸ್‌ಓ ಏರಿಸಲು ಹೆದರುತ್ತಾರೆ, ಕಾಳುಕಾಳು ಬರುತ್ತದೆ ಅಂತ. ಕಾಳು ಆಮೇಲೆ ತೆಗೆಯಬಹುದು. ಅಲ್ಲಾಡಿದ ಫೋಟೊ ಯಾವ ಕಾಲಕ್ಕೂ ನಿಲ್ಲುವುದಿಲ್ಲ. ಕ್ಯಾಮೆರಾದಲ್ಲಿ ರಾ (RAW, ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ಆಯ್ಕೆ ಇದ್ದರೆ ಅದರಲ್ಲೇ ತೆಗೆಯಿರಿ. ತಪ್ಪಿದ ಬಣ್ಣ ಸರಿಮಾಡಲು ಆಗ ಜಾಗವಿರುತ್ತದೆ.

ಫೋಟೊಕ್ಕೆ ಅಡ್ಡಡ್ಡ ಕಪ್ಪು ಪಟ್ಟಿ ಬಿದ್ದರೆ ಅದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಹೊತ್ತಿ ಇಳಿಯುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ತನ್ನಿ, ಸಾಮಾನ್ಯವಾಗಿ ಪಟ್ಟಿ ಹೋಗುತ್ತದೆ. ಅಗ್ಗದ ಎಲ್‌ಇಡಿ ಸರಗಳ ಕೆಳಗೆ ಇದೂ ನಡೆಯದಿರಬಹುದು, ಆಗ ಆ ಸರವನ್ನೇ ಆರಿಸಲು ಕೇಳಿ.

ಬಿಳಿ ಪಂಚೆ ಉಟ್ಟ ಹತ್ತು ಜನರನ್ನು ಕ್ಯಾಮೆರಾ ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಅನ್ನು ಅರ್ಧ ಸ್ಟಾಪ್ ಮೇಲೇರಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು). ಕಪ್ಪು ಬಾಗಿಲಿನ ಮುಂದೆ ಚಿನ್ನ, ಜರಿ ಇದ್ದರೆ ಅರ್ಧ ಸ್ಟಾಪ್ ಇಳಿಸಿ, ಇಲ್ಲದಿದ್ದರೆ ಸರದ ಕೆತ್ತನೆ ಸುಟ್ಟು ಬರೀ ಬಿಳಿ ಚುಕ್ಕೆಯಾಗುತ್ತದೆ.

## ಹಂತ 4: ಗೆಳೆಯರು ಮತ್ತು ಮನೆಯವರ ಭಾವಚಿತ್ರ

ದೂರ ಮೊದಲು ಸರಿಯಾಗಲಿ. ಫೋನನ್ನು ಒಂದೂವರೆ ಅಡಿಗೆ ತಂದರೆ ಮೂಗು ಊದುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಆರೇಳು ಅಡಿ ಹಿಂದೆ ನಿಂತು 2 ಪಟ್ಟು ಜೂಮ್ ಹಾಕಿ. ಕ್ಯಾಮೆರಾದಲ್ಲಿ 50 ಎಂಎಂ ಅದೇ ಕೆಲಸ ಮಾಡುತ್ತದೆ. ಫೋಕಸ್ ಯಾವಾಗಲೂ ನಿಮಗೆ ಹತ್ತಿರದ ಕಣ್ಣಿನ ಮೇಲೆ. ಆ ಕಣ್ಣಿನೊಳಗೆ ಬೆಳಕಿನ ಒಂದು ಹೊಳಪು ಕಾಣಬೇಕು. ಕಾಣದಿದ್ದರೆ ಗಲ್ಲ ಸ್ವಲ್ಪ ಎತ್ತಿಸಿ ಅಥವಾ ಬಾಗಿಲ ಕಡೆ ಅರ್ಧ ಹೆಜ್ಜೆ ತಿರುಗಿಸಿ.

ಕೈಗೆ ಕೆಲಸ ಕೊಡಿ. ಗೆಳೆಯನಿಗೆ "ನಗು ಮಾರಾಯ" ಅಂದರೆ ಹಲ್ಲು ಕಾಣುತ್ತದೆ, ನಗು ಬರುವುದಿಲ್ಲ. ಕೈಗೊಂದು ಅಡಿಕೆ, ಕತ್ತರಿ ಕೊಟ್ಟು ಕವಳ ಕಟ್ಟಲು ಹೇಳಿ, ಮಾತು ಶುರು ಮಾಡಿ. ಅತ್ತಿಗೆ ಹೂ ಕಟ್ಟುತ್ತಿದ್ದರೆ ನಿಲ್ಲಿಸಬೇಡಿ, ಆ ಹೂವಿನ ಬುಟ್ಟಿಯನ್ನೇ ಬಾಗಿಲ ಹತ್ತಿರಕ್ಕೆ ತಂದಿಡಿ. ಅವರೇ ಬೆಳಕಿಗೆ ಬರುತ್ತಾರೆ.

ಹಿರಿಯರ ವಿಷಯದಲ್ಲಿ ನನ್ನ ಕ್ರಮ ಒಂದೇ. "ಅಜ್ಜೀ, ಒಂದು ಫೋಟೊ ತೆಗೀಲಾ?" ಎಂದು ಕೇಳಿ, ಅವರು ಸೆರಗು ಸರಿಮಾಡಿ ನೆಟ್ಟಗೆ ಕೂತ ಫೋಟೊವನ್ನು ಮರ್ಯಾದೆಯಿಂದ ತೆಗೆಯುತ್ತೇನೆ. ಅದನ್ನು ಅವರಿಗೆ ತೋರಿಸುತ್ತೇನೆ. ಅಲ್ಲಿಂದ ಮುಂದೆ ತವರುಮನೆಯ ಮಾತು ತೆಗೆಯುತ್ತೇನೆ. ಐದು ನಿಮಿಷಕ್ಕೆ ಭುಜ ಇಳಿಯುತ್ತದೆ. ಮನೆಯವರು ಚೌಕಟ್ಟು ಹಾಕಿಸುವ ಫೋಟೊ ಬರುವುದು ಆಗ. ಕೇಳದೆ ಕದ್ದು ತೆಗೆದ ಫೋಟೊವನ್ನು ಯಾರಿಗೂ ಕಳಿಸಬೇಡಿ.

ಕನ್ನಡಕದಲ್ಲಿ ಬಾಗಿಲು ಪ್ರತಿಫಲಿಸಿದರೆ ಕನ್ನಡಕ ತೆಗೆಸಬೇಡಿ. ಕಿವಿಯ ಮೇಲಿನ ಕಡ್ಡಿಯನ್ನು ಅರ್ಧ ಬೆರಳು ಮೇಲೆತ್ತಿ ಕೂರಿಸಿ, ಗಾಜು ಕೆಳಕ್ಕೆ ವಾಲಿ ಹೊಳಪು ಹೋಗುತ್ತದೆ.

ಚರ್ಮದ ಬಣ್ಣ ಬಿಳಿಚಿಸುವ ಸೌಂದರ್ಯ ಫಿಲ್ಟರನ್ನು ಫೋನಿನ ಸೆಟ್ಟಿಂಗಿಗೆ ಹೋಗಿ ಪೂರ್ತಿ ಆರಿಸಿ. ಕಪ್ಪು ಬಣ್ಣದವರ ಮುಖ ಕಪ್ಪಾಗಿಯೇ, ಹೊಳಪಿನಿಂದ ಬರಬೇಕು. ಅದಕ್ಕೆ ಬೇಕಾದದ್ದು ಬದಿಯಿಂದ ಬರುವ ದೊಡ್ಡ ಮೆತ್ತನೆ ಬೆಳಕು ಮಾತ್ರ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಫೋನಿನ ಪೋರ್ಟ್ರೇಟ್ ಮೋಡ್ ಹಾಕಿದ್ದರೆ ಮುಡಿದ ಮಲ್ಲಿಗೆಯನ್ನು ದೊಡ್ಡದು ಮಾಡಿ ನೋಡಿ. ಹೂವಿನ ಅರ್ಧ ಮಸುಕಾಗಿ ಕರಗಿದ್ದರೆ ಆ ಮೋಡ್ ಬಿಟ್ಟು ಸಾದಾ 2 ಪಟ್ಟಿನಲ್ಲಿ ಮತ್ತೆ ತೆಗೆಯಿರಿ.

ಗುಂಪಾದರೆ ಸ್ಟೂಲು ಹತ್ತಿ. ಕಣ್ಣು ಮುಚ್ಚಿದವರಿಲ್ಲದ ಒಂದು ಫೋಟೊ ಸಿಗಲು, ಇಪ್ಪತ್ತರೊಳಗಿನ ಗುಂಪಿಗೆ ಒಳ್ಳೆ ಬೆಳಕಿದ್ದರೆ ತಲೆಗಳ ಸಂಖ್ಯೆಯನ್ನು ಮೂರರಿಂದ, ಮಂದ ಬೆಳಕಿದ್ದರೆ ಎರಡರಿಂದ ಭಾಗಿಸಿ ಅಷ್ಟು ಸಲ ಒತ್ತಿ. ಹನ್ನೆರಡು ಜನರಿಗೆ ನಾಲ್ಕು ಅಥವಾ ಆರು.

## ಹಂತ 5: ಮದುವೆಯ ಹಿಂದಿನ ದಿನ ಮುಗಿಸಬೇಕಾದ ಮೂರು ಮಾತು

ಮದುವೆ ಫೋಟೊ ಕೆಡುವುದು ಅಥವಾ ಉಳಿಯುವುದು ಹಿಂದಿನ ದಿನವೇ.

ಮೊದಲ ಮಾತು ಶಾಮಿಯಾನದವರ ಜೊತೆ. ಮಂಟಪದ ಮೇಲೆ ಕೆಂಪು ಬಟ್ಟೆ ಕಟ್ಟಿದರೆ ನಡುಮಧ್ಯಾಹ್ನದ ಬಿಸಿಲು ಅದರೊಳಗಿಂದ ಇಳಿದು ವಧು, ವರ, ಭಟ್ಟರು ಎಲ್ಲರನ್ನೂ ಕೆಂಪು ಮಾಡುತ್ತದೆ. ನೀಲಿ ಕಟ್ಟಿದರೆ ಹೆಣದ ಬಣ್ಣ. "ಅಣ್ಣಾ, ಬದಿಗೆ ಯಾವ ಬಣ್ಣ ಬೇಕಾದ್ರೂ ಹಾಕಿ, ಮಂಟಪದ ನೆತ್ತಿ ಮೇಲೆ ಮಾತ್ರ ಬಿಳಿ ಕಟ್ಟಿಕೊಡಿ" ಎಂದು ಕೇಳಿ. ಅವರ ಹತ್ತಿರ ಬಿಳಿ ಇದ್ದೇ ಇರುತ್ತದೆ, ಕೇಳಿದವರಿರುವುದಿಲ್ಲ. ಧಾರೆ ಫೋಟೊ ಕೆಂಪಾಗುವ ಸಮಸ್ಯೆಗೆ ಪರಿಹಾರ ಇದೊಂದೇ, ಆಮೇಲೆ ಕಂಪ್ಯೂಟರಿನಲ್ಲಿ ಕೂತು ಮಾಡುವುದು ತೇಪೆ. ಬಿಳಿ ಬಟ್ಟೆಯಿದ್ದರೆ ಇನ್ನೊಂದು ಲಾಭ: ಮುಚ್ಚಿಗೆಯ ಕೆಳಗೆ ಸೋತ ಫ್ಲಾಶ್ ಇಲ್ಲಿ ಬಟ್ಟೆಗೆ ತಾಗಿ ಮೆತ್ತಗೆ ಇಳಿಯುತ್ತದೆ. ಆಗ ಶಟರ್ 1/200 ದಾಟಿಸಬೇಡಿ. ಹಲವು ಕ್ಯಾಮೆರಾಗಳಲ್ಲಿ ಅದರಾಚೆ ಫೋಟೊದ ಒಂದು ಪಟ್ಟಿ ಕಪ್ಪಾಗುತ್ತದೆ.

ಎರಡನೆಯದು ಪುರೋಹಿತರ ಜೊತೆ. ಹವ್ಯಕರ ಮನೆ, ಒಕ್ಕಲಿಗರ ಮನೆ, ದೀವರ ಮನೆ, ಲಿಂಗಾಯತರ ಮನೆ, ಒಂದೊಂದರ ಕ್ರಮ ಬೇರೆ. ಒಂದೇ ಜಾತಿಯೊಳಗೂ ಸಾಗರದ ಕ್ರಮ ಕೊಪ್ಪದಲ್ಲಿ ನಡೆಯಬೇಕೆಂದಿಲ್ಲ. "ಭಟ್ರೇ, ನಾಳೆ ಯಾವುದರ ಹಿಂದೆ ಯಾವುದು ಬರ್ತದೆ, ಎಲ್ಲಿ ಯಾರು ಕೂರ್ತಾರೆ ಸ್ವಲ್ಪ ಹೇಳಿ" ಎಂದು ಕೂತು ಬರೆದುಕೊಳ್ಳಿ. ಮಂಟಪದೊಳಗೆ ನಿಮಗೆ ಎಲ್ಲಿ ನಿಲ್ಲಲು ಅಡ್ಡಿಯಿಲ್ಲ, ಯಾವ ಗೆರೆ ದಾಟಬಾರದು ಎಂಬುದೂ ಅಲ್ಲೇ ತೀರ್ಮಾನವಾಗಲಿ. ಚಪ್ಪಲಿ, ಚರ್ಮದ ಬೆಲ್ಟು, ಚರ್ಮದ ಕ್ಯಾಮೆರಾ ಪಟ್ಟಿ ಹೋಮದ ಹತ್ತಿರ ಬೇಡವೆಂದರೆ ಬೇಡ.

ಮೂರನೆಯದು ಮನೆಯ ಯಜಮಾನಿ ಜೊತೆ. ನೆಂಟರ ಪಟ್ಟಿ ಅವರ ತಲೆಯಲ್ಲಿರುತ್ತದೆ. ಊಟವಾದ ಕೂಡಲೇ ಬಸ್ಸು ಹಿಡಿಯುವವರು ಯಾರು, ಬಹಳ ವರ್ಷದ ಮೇಲೆ ಬರುತ್ತಿರುವ ದೊಡ್ಡಮ್ಮ ಯಾರು, ಹೆಣ್ಣನ್ನು ಮಂಟಪಕ್ಕೆ ಕರೆತರುವ ಸೋದರಮಾವ ಯಾರು. ಇವರ ಫೋಟೊಗಳನ್ನು ಮುಹೂರ್ತಕ್ಕೆ ಮೊದಲೇ, ನೀವು ಹುಡುಕಿಟ್ಟ ಜಗಲಿ ಅಂಚಿನಲ್ಲಿ ತೆಗೆದುಬಿಡಿ.

ವಿಡಿಯೊದವರು ಬೇರೆಯಾಗಿದ್ದರೆ ಬೆಳಿಗ್ಗೆಯೇ ಅವರ ಹತ್ತಿರ ಹೋಗಿ ದೀಪ ಯಾವ ಬದಿಗೆ ಇಡುತ್ತಾರೆಂದು ಕೇಳಿ. ಅವರಿಗೆ ಅಡ್ಡ ಬರದ ಜಾಗ ನೀವೇ ಮೊದಲು ಒಪ್ಪಿಕೊಂಡರೆ ದಿನವಿಡೀ ಅವರು ನಿಮಗೆ ಅಡ್ಡ ಬರುವುದಿಲ್ಲ.

## ಹಂತ 6: ಮುಹೂರ್ತದ ಹೊತ್ತು

ಬಹಳ ಮನೆಗಳಲ್ಲಿ ಅಭಿಜಿನ್ ಲಗ್ನ, ಅಂದರೆ ನಡುಹಗಲು. ಅರ್ಧ ಗಂಟೆ ಮೊದಲೇ ಹೊಸ ಬ್ಯಾಟರಿ, ಖಾಲಿ ಕಾರ್ಡ್ ಹಾಕಿಕೊಳ್ಳಿ, ಹಳೆಯದರಲ್ಲಿ ಇನ್ನೂ ಜಾಗ ಇದ್ದರೂ ಸರಿ. ಇದನ್ನು ನಾನು ಕಲಿತದ್ದು ಒಂದು ಮನೆಯವರ ನಷ್ಟದಿಂದ. ನಾನೊಬ್ಬನೇ ತೆಗೆದ ಮೊದಲ ಮದುವೆಯಲ್ಲಿ ಅಂತರಪಟ ಹಿಡಿದಿದ್ದಾಗ ಕಾರ್ಡ್ ತುಂಬಿತು. ಬದಲಿಸಿ ತಲೆ ಎತ್ತುವಷ್ಟರಲ್ಲಿ ಪಟ ಇಳಿದು, ಜೀರಿಗೆ ಬೆಲ್ಲ ಬಿದ್ದು ಮುಗಿದಿತ್ತು. ಆ ಹುಡುಗಿ ಆಮೇಲೆ ಆಲ್ಬಮ್ಮಿನಲ್ಲಿ ಹುಡುಕಿದ್ದು ಅದೊಂದೇ ಫೋಟೊ. ಕ್ಷಮೆ ಕೇಳಿದೆ, ಆದರೆ ಫೋಟೊ ಕೊಡಲಾಗಲಿಲ್ಲ.

ಅಂತರಪಟ, ಜೀರಿಗೆ ಬೆಲ್ಲ. ಪಟದ ಅಂಚಿನ ಸಾಲಿಗೆ ನೇರವಾಗಿ ನಿಲ್ಲಿ. ಆಗ ನಡುವೆ ಬಟ್ಟೆ, ಆಚೆ ಈಚೆ ಇಬ್ಬರ ಮುಖದ ಪಾರ್ಶ್ವ, ಮೂರೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ವರನ ಹಿಂದೆ ನಿಂತರೆ ಪೇಟ ಮಾತ್ರ ಬರುತ್ತದೆ. ಪಟ ಇಳಿದ ಮೇಲೆ ನಿಮಗೆ ಇರುವುದು ಎರಡು ಮೂರು ಸೆಕೆಂಡು. ಇಳಿಯುವ ಮೊದಲೇ ಸಾಲಾಗಿ ಒತ್ತಲು ಶುರು ಮಾಡಿ.

ಧಾರೆ. ಇಲ್ಲಿ ಮುಖಗಳಿಗಿಂತ ಕೈಗಳೇ ಮುಖ್ಯ: ಹೆಣ್ಣಿನ ಅಪ್ಪ ಅಮ್ಮ, ವಧು, ವರ ಎಲ್ಲರ ಕೈ ಒಂದರ ಮೇಲೊಂದು, ಮೇಲಿನಿಂದ ಬೀಳುವ ನೀರು. ಮಂಡಿಯೂರಿ ಕೈಗಳ ಮಟ್ಟಕ್ಕೆ ಬನ್ನಿ. ನೀರಿನ ಎಳೆ ಕಾಣಬೇಕಾದರೆ ಹಿಂದೆ ಕಪ್ಪಗಿನದ್ದೇನಾದರೂ ಇರಬೇಕು, ಬಿಳಿ ಪಂಚೆಯ ಮುಂದೆ ನೀರು ಕಾಣುವುದಿಲ್ಲ. ಕೈಗಳ ಫೋಟೊ ಎರಡು ಸಿಕ್ಕಿದ ಕೂಡಲೇ ತಲೆ ಎತ್ತಿ ಅಮ್ಮನ ಮುಖ ನೋಡಿ.

ಮಾಂಗಲ್ಯ. ಭಟ್ಟರು "ಗಟ್ಟಿಮೇಳ" ಅನ್ನುವುದೇ ನಿಮಗೆ ಗಂಟೆ. ಆ ಮಾತು ಬೀಳುವಾಗ ನೀವು ವಧುವಿನ ಎದುರು, ಸ್ವಲ್ಪ ಓರೆಯಲ್ಲಿ, ಅವಳ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇರಬೇಕು, ಏಕೆಂದರೆ ಅವಳ ತಲೆ ಬಾಗಿರುತ್ತದೆ. ನೆಂಟರು ಮುಂದೆ ಬಾಗುತ್ತಾರೆ, ಫೋನುಗಳು ಏಳುತ್ತವೆ. ಎಫ್ 3.5, 1/200, ಐಎಸ್‌ಓ 3200ರ ಸುತ್ತ ನನಗೆ ಸಾಮಾನ್ಯವಾಗಿ ಹೊಂದುತ್ತದೆ. ಓಲಗ ಜೋರಾದ ಕ್ಷಣ ಅಕ್ಷತೆ ಬೀಳುತ್ತದೆ, ಆಗ ಶಟರ್ 1/500ಕ್ಕೆ ಏರಬೇಕು. ಫ್ಲಾಶ್ ಹಾಕಿದ್ದರೆ ಅದನ್ನು ಮೊದಲು ಆರಿಸಿ, ಇಲ್ಲದಿದ್ದರೆ ಆ ಕಪ್ಪು ಪಟ್ಟಿ ಬೀಳುತ್ತದೆ. ಈ ಬದಲಾವಣೆಯನ್ನು ಕಣ್ಣು ಮುಚ್ಚಿ ಮಾಡುವಷ್ಟು ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ.

ಫೋಟೊ ತಪ್ಪಿತೆಂದು "ಇನ್ನೊಂದ್ಸಲ ಕಟ್ಟಿ" ಎಂದು ಯಾವತ್ತೂ ಕೇಳಬೇಡಿ. ತಪ್ಪಿದ್ದು ತಪ್ಪಿತು.

ಹೋಮ, ಲಾಜಾಹೋಮ, ಸಪ್ತಪದಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಆ ಕಡೆ ನಿಲ್ಲಿ. ಹೊಗೆ ನಿಮ್ಮಿಂದ ದೂರ ಹೋಗುತ್ತದೆ. ಹೊಗೆಗೆ ಫ್ಲಾಶ್ ಹೊಡೆದರೆ ಹೊಗೆಯೇ ಬೆಳಗಿ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ. ಬೆಂಕಿಯ ಕೇಸರಿ ಬಣ್ಣ ಮುಖದ ಮೇಲೆ ಸ್ವಲ್ಪ ಉಳಿಯಲಿ, ಪೂರ್ತಿ ತೆಗೆದರೆ ಹೋಮದ ಮುಂದೆ ಕೂತಂತೆ ಕಾಣುವುದೇ ಇಲ್ಲ. ಸಪ್ತಪದಿಗೆ ನೆಲದ ಮಟ್ಟದಿಂದ ಕಾಲುಗಳ ಒಂದು, ನಿಂತು ಇಬ್ಬರ ಒಂದು.

ಕುಪ್ಪಳಿಯಲ್ಲಿ, ಅಥವಾ ಬೇರೆಲ್ಲೇ ಆಗಲಿ, ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಯುವ ಮದುವೆಯಾದರೆ ಮೇಲಿನ ಪಟ್ಟಿ ಬಿಡಿ. ಅಲ್ಲಿ ಹೋಮವಿಲ್ಲ, ಗದ್ದಲವಿಲ್ಲ, ಬೇಗ ಮುಗಿಯುತ್ತದೆ. ಓದುವವರ ಮಾತು ಕೇಳುತ್ತಿರುವ ಮುಖಗಳೇ ಅಲ್ಲಿನ ಫೋಟೊ. ಶಟರ್ ಸದ್ದು ಇಲ್ಲದ ಮೋಡ್ ಇದ್ದರೆ ಹಾಕಿಕೊಳ್ಳಿ.

ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಫ್ಲಾಶ್ ಆರಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ. ಅಳುವ ಮುಖದ ಹತ್ತಿರ ಲೆನ್ಸ್ ಹಿಡಿಯುವುದನ್ನು ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. ದೂರದಿಂದ ತಬ್ಬಿಕೊಂಡ ಬೆನ್ನುಗಳು ಸಿಕ್ಕರೆ ಸಾಕು.

## ಹಂತ 7: ಕೈಕೆಲಸದ ಫೋಟೊ

ಇಲ್ಲಿ ಆತುರವಿಲ್ಲ, ಯಾರೂ ಕಣ್ಣು ಮಿಟುಕಿಸುವುದಿಲ್ಲ. ಆದರೂ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ, ಏಕೆಂದರೆ ಫೋಟೊ ನೋಡಿಯೇ ಜನ ಕೊಳ್ಳುತ್ತಾರೆ.

ಮೊದಲು ಮೇಜು. ನೇರ ಬಿಸಿಲು ಬೀಳದ ಕಿಟಕಿ, ಸಾಧ್ಯವಾದರೆ ಉತ್ತರದ್ದು, ಅದರ ಪಕ್ಕಕ್ಕೆ ಮೇಜು. ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿ. ಹಿಂದೆ ಗೆರೆ, ಹೂವು ಏನೂ ಇಲ್ಲದ ಬೂದು ಅಥವಾ ಮಾಸಲು ಬಿಳಿ ಬಟ್ಟೆ. ಹೊಳೆಯುವ ಸ್ಯಾಟಿನ್, ಪ್ಲಾಸ್ಟಿಕ್ ಹೂ ಬೇಡ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಇಲ್ಲವೇ ಪುಸ್ತಕಗಳ ರಾಶಿಯ ಮೇಲೆ. 2 ಸೆಕೆಂಡಿನ ಟೈಮರ್ ಹಾಕಿ. ಎಫ್ 8, ಐಎಸ್‌ಓ 100. ಶಟರ್ ಕಾಲು ಸೆಕೆಂಡಿಗೆ ಇಳಿದರೂ ಚಿಂತೆಯಿಲ್ಲ, ಅಲ್ಲಾಡುವವರಿಲ್ಲ.

ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ, ಅದೂ ಪುಂಡಿ ನಾರಿನ ಕುಂಚದಿಂದ ಎಳೆದದ್ದು, ಕೂದಲಿನಷ್ಟು ಸಣ್ಣ. ಚೌಕಟ್ಟಿನ ಬಹುಭಾಗ ಕಪ್ಪು ಕೆಂಪಾದ್ದರಿಂದ ಕ್ಯಾಮೆರಾ ಬೆಳಕು ಹೆಚ್ಚು ಮಾಡುತ್ತದೆ. ಆಗ ಬಿಳಿ ಎಳೆ ಊದಿ ಪಕ್ಕದ ಎಳೆಗೆ ಅಂಟಿಕೊಳ್ಳುತ್ತದೆ. ಅರ್ಧ ಸ್ಟಾಪ್ ಇಳಿಸಿ. ಕ್ಯಾಮೆರಾ ಚಿತ್ತಾರದ ನಟ್ಟನಡುವಿಗೆ ಎದುರಾಗಿ, ಗೋಡೆಗೆ ಸಮಾನಾಂತರವಾಗಿರಲಿ. ಪರದೆಯ ಗ್ರಿಡ್ ಹಾಕಿಕೊಂಡು ಚಿತ್ತಾರದ ಅಂಚು ಗ್ರಿಡ್ಡಿಗೆ ಕೂರುವ ತನಕ ಸರಿಯಿರಿ. ಮೇಲಿನ ಅಂಚು ಕಿರಿದಾಗಿ ಕಂಡರೆ ನೀವು ಕೆಳಗೆ ನಿಂತಿದ್ದೀರಿ. ಫ್ಲಾಶ್ ಬೇಡ. ಬೆಳಕು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬಂದರೆ ಗೆರೆಗಳು ಸಮವಾಗಿ ಕಾಣುತ್ತವೆ. ಗಾಜು ಹಾಕಿದ ಚೌಕಟ್ಟಾದರೆ ಮೊದಲು ಗಾಜು ಬಿಚ್ಚಿಸಿ.

ಗುಡಿಗಾರರ ಕೆತ್ತನೆ. ಸಾಗರ, ಸೊರಬ ಕಡೆಯ ಗಂಧ, ಶಿವನೆ ಮರದ ಕೆತ್ತನೆಗೆ ಮೇಲಿನದರ ವಿರುದ್ಧ. ಸಮ ಬೆಳಕು ಕೊಟ್ಟರೆ ಕೆತ್ತನೆ ಚಪ್ಪಟೆ. ಒಂದೇ ಬದಿಯಿಂದ, ಮರದ ಮೈಯನ್ನು ಸವರಿಕೊಂಡು ಹೋಗುವಂಥ ತಗ್ಗು ಬೆಳಕು ಬೇಕು. ಥರ್ಮಾಕೋಲ್ ತೆಗೆದು ಆ ಜಾಗಕ್ಕೆ ಕಪ್ಪು ಕೊಡೆ ಬಿಚ್ಚಿಡಿ. ನೆರಳು ಗಾಢವಾಗಿ ಬಳ್ಳಿ, ಎಲೆ ಎದ್ದು ಬರುತ್ತವೆ. ಬೆಳಕು ಕದಲಿಸಬೇಡಿ, ವಸ್ತುವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ನೋಡಿ. ವಿಗ್ರಹದ ಕಣ್ಣಿನ ಗೆರೆ ಸ್ಪಷ್ಟವಾದಲ್ಲಿ ನಿಲ್ಲಿಸಿ.

ಚೊಗರಿನ ಬಟ್ಟೆ. ಸಾಗರದ ಹತ್ತಿರದ ಭೀಮನಕೋಣೆಯ ಚರಕ ಎಂಬ ಕೈಮಗ್ಗ ಸಂಸ್ಥೆಯಂಥ ಕಡೆ ನೇಯ್ದ, ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬಣ್ಣ ಕಟ್ಟಿದ ಸೀರೆಯ ಕಂದುಗೆಂಪು, ಫೋನಿನ ಕೈಯಲ್ಲಿ ಟೊಮೆಟೊ ಬಣ್ಣವಾಗುತ್ತದೆ. ಫೋನು ಬಣ್ಣ ಗಾಢ ಮಾಡುವುದು ಅದರ ಸ್ವಭಾವ. "ವಿವಿಡ್" ಎಂಬ ಮೋಡ್ ಹಾಕಿದ್ದರೆ ತೆಗೆದುಬಿಡಿ. ಮೊದಲ ಫೋಟೊದಲ್ಲಿ ಸೀರೆಯ ಮೇಲೆ ಬೂದು ಕಾರ್ಡ್ ಇಟ್ಟು ತೆಗೆಯಿರಿ, ಎಡಿಟ್ ಮಾಡುವಾಗ ಬಣ್ಣದ ಪಿಕ್ಕರಿನಿಂದ ಆ ಕಾರ್ಡ್ ಮುಟ್ಟಿ, ಬಂದ ಹೊಂದಿಕೆಯನ್ನೇ ಉಳಿದ ಫೋಟೊಗಳಿಗೂ ಹಾಕಿ. ಬೆಳಕು ಬದಲಾದರೆ ಕಾರ್ಡ್ ಮತ್ತೆ ಇಡಬೇಕು, ಮೋಡ ಸರಿದರೂ ಅದು ಬದಲಾವಣೆಯೇ. ಕೊನೆಗೆ ಫೋನನ್ನು ನಡುಮಟ್ಟದ ಹೊಳಪಿಗೆ ಇಟ್ಟು, ಕಿಟಕಿ ಹತ್ತಿರ ಸೀರೆಯ ಪಕ್ಕದಲ್ಲೇ ಹಿಡಿದು ಹೋಲಿಸಿ. ಬಣ್ಣವನ್ನು ಮಾತಿನಲ್ಲೂ ಬರೆಯಿರಿ: "ಕೆಂಪಡಿಕೆಯ ಬಣ್ಣ" ಎಂದರೆ ಕೊಳ್ಳುವವರ ಪರದೆ ಹೇಗೇ ಇರಲಿ ಅರ್ಥವಾಗುತ್ತದೆ.

ಬಿದಿರು ಬುಟ್ಟಿ, ಮೊರ, ಹಾಳೆಟೊಪ್ಪಿಗೆಗಳಿಗೆ ಹೆಚ್ಚು ಹೇಳುವುದಿಲ್ಲ. ಕಿಟಕಿ ಬೆಳಕು ಒಂದು ಬದಿಗೆ ಇರಲಿ, ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಅಡಿಕೆ ಇಲ್ಲವೇ ಮಾಡಿದವರ ಕೈ ಇರಲಿ.

ಪ್ರತಿ ವಸ್ತುವಿಗೂ ಪೂರ್ತಿ ಎದುರು, ಓರೆ, ಹಿಂಬದಿ, ಹತ್ತಿರದ ವಿವರ, ಅಳತೆ, ಬಳಕೆಯಲ್ಲಿರುವಾಗ, ಹೀಗೆ ಆರು ಫೋಟೊ. ಹಿಂಬದಿ ತೆಗೆಯದೆ ಮಾರಿದವರೇ ಹೆಚ್ಚು ಜಗಳ ಎದುರಿಸಿದವರು. ಕೆಲಸ ಮಾಡುವ ಕೈಗಳ ಫೋಟೊ ತೆಗೆಯುವ ಮೊದಲು ಕೇಳಿ, ಹಾಕುವಾಗ ಅವರ ಒಪ್ಪಿಗೆಯಿಂದ ಅವರ ಹೆಸರು ಮೊದಲು ಬರೆಯಿರಿ. ತೆಗೆದವರ ಹೆಸರು ಆಮೇಲೆ.

## ಹಂತ 8: ಮಳೆಗಾಲದ ಕಾಪು

ನನ್ನ ಒಂದು ಲೆನ್ಸ್ ಒಂದೇ ಮಳೆಗಾಲದಲ್ಲಿ ಹೋಯಿತು, ಬಟ್ಟೆ ಕಪಾಟಿನಲ್ಲಿ ಭದ್ರವಾಗಿದೆ ಎಂದುಕೊಂಡಿದ್ದೆ. ಟಾರ್ಚ್ ಬಿಟ್ಟು ಲೆನ್ಸಿನ ಒಳಗೆ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಬೇಗ ರಿಪೇರಿಯವರಿಗೆ ತೋರಿಸಿದರೆ ಅಷ್ಟು ಒಳ್ಳೆಯದು, ತಡವಾದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ, 60 ದಾಟಿದರೆ ಅಪಾಯ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಅಥವಾ ಕೇಸರಿ ಜೆಲ್ ಹಸಿರಿಗೆ ತಿರುಗಿದರೆ ಅದು ತುಂಬಿದೆ ಎಂದರ್ಥ. ಒಣಗಿಸಿ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಬೇಡಿ. ಎಸಿ ಕಾರಿನಿಂದ ಇಳಿದ ಕೂಡಲೇ ತೆಗೆದರೆ ಗಾಜಿನ ಮೇಲೆ ನೀರಾವಿ ಕೂರುತ್ತದೆ, ಅರ್ಧ ಗಂಟೆ ಚೀಲದಲ್ಲೇ ಬಿಡಿ. ಹುಲ್ಲಲ್ಲಿ ಮಂಡಿಯೂರುವವರು ಜೇಬಿನಲ್ಲಿ ಸುಣ್ಣದ ಡಬ್ಬಿ ಇಟ್ಟುಕೊಳ್ಳಿ, ಇಂಬಳ (ಜಿಗಣೆ) ಕಾಯುತ್ತಿರುತ್ತವೆ.

## ಹಂತ 9: ಉಳಿಸುವುದು, ಕಳಿಸುವುದು

ಅದೇ ರಾತ್ರಿ ಕಾರ್ಡಿನಿಂದ ಎರಡು ಬೇರೆ ಬೇರೆ ಡಿಸ್ಕಿಗೆ ಇಳಿಸಿ. ಎರಡೂ ತೆರೆದು ನೋಡಿದ ಮೇಲೆಯೇ ಕಾರ್ಡ್ ಖಾಲಿ ಮಾಡಿ, ಅದೂ ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ.

ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. 6x4 ಇಂಚಿನ ಒಳ್ಳೆಯ ಪ್ರಿಂಟಿಗೆ 1800x1200 ಪಿಕ್ಸೆಲ್ ಬೇಕು. ಆಲ್ಬಮ್ ಪೂರ್ತಿ ಹಾಕಿಸುವ ಮೊದಲು ಐದೇ ಪ್ರಿಂಟ್ ತೆಗೆಸಿ: ಅಜ್ಜಿಯ ಮುಖ, ಮಾಂಗಲ್ಯ, ಹೋಮ, ಗುಂಪು, ಒಂದು ಸೀರೆ. ಅವನ್ನು ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಬಾಗಿಲ ಹೊರಗೆ ಹಗಲಿನಲ್ಲಿ ನೋಡಿ. ಕಪ್ಪಾಗಿ ಬಂದಿದ್ದರೆ ನಿಮ್ಮ ಪರದೆಯ ಹೊಳಪು ಹೆಚ್ಚಿತ್ತು ಎಂದರ್ಥ. ಉಳಿದ ಎಲ್ಲವನ್ನೂ ಕಾಲು ಸ್ಟಾಪ್ ಏರಿಸಿ ಆಮೇಲೆ ಕಳಿಸಿ.